ಮೂರು ಮಳೆಗಾಲ ಕಂಡ ಸ್ಯಾಡಲ್ ಬ್ಯಾಗ್

ಮೊದಲೇ ಹೇಳಿಬಿಡ್ತೇನೆ. ಈ ಬ್ಯಾಗಿನ ಜೊತೆ ಬರುವ ರೇನ್ ಕವರ್ ತೆಗೆದು ಅಟ್ಟದ ಮೇಲೆ ಹಾಕಿ. ಮಳೆ ಬಂದಾಗಲಂತೂ ಹಾಕಲೇಬೇಡಿ.

2022ರ ಬೇಸಿಗೆಯಲ್ಲಿ 3,800 ರೂಪಾಯಿ ಕೊಟ್ಟು ತಗೊಂಡಿದ್ದು. ಬೈಕಿನ ಎರಡೂ ಕಡೆ ಇಳಿಬೀಳುವ ಜೋಡಿ ಬ್ಯಾಗು, ನಡುವೆ ಸೀಟಿನ ಮೇಲೆ ಬರುವ ಅಗಲ ಪಟ್ಟಿ. ಎಷ್ಟು ಲೀಟರು, ಯಾವ ಬಟ್ಟೆ ಅನ್ನೋದೆಲ್ಲ ಮಾರುವವರೇ ಬರೆದಿರ್ತಾರೆ, ಬಿಡಿ. ನನ್ನ ಗಾಡಿ ಹೋಂಡಾ ಯೂನಿಕಾರ್ನ್. ಅಲ್ಯೂಮಿನಿಯಂ ಪೆಟ್ಟಿಗೆ ಕೂರಿಸುವ ಗಾಡಿಯೂ ಅಲ್ಲ, ಅಷ್ಟು ದುಡ್ಡೂ ನನ್ನ ಹತ್ರ ಇಲ್ಲ. ವಾರವೆಲ್ಲ ಆಫೀಸಿಗೆ ಹೋಗುವ ಗಾಡಿಯೇ ತಿಂಗಳಿಗೊಮ್ಮೆ ಹುಬ್ಬಳ್ಳಿಯಿಂದ ಶಿರಸಿಗೋ ಬಾದಾಮಿಗೋ ಹೊರಡುತ್ತದೆ. ಹೋಗೋದು ಒಬ್ಬನೇ.

ಮೊದಲ ಜುಲೈನಲ್ಲೇ ಕವರಿನ ಬಣ್ಣ ಬಯಲಾಯಿತು. ಅಂಕೋಲಾ ರಸ್ತೆ, ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳೀತಿದ್ದೆ. ಮಳೆ ಅಂದ್ರೆ ಮಳೆ. ಹಿಂದೆ ಬರುತ್ತಿದ್ದ ಲಾರಿಯವನು ಲೈಟ್ ಹೊಡೆದ, ಹಾರ್ನ್ ಹೊಡೆದ. ದಾರಿ ಕೇಳ್ತಿದ್ದಾನೆ ಅಂದುಕೊಂಡು ಅಂಚಿಗೆ ಸರಿದೆ. ಪಕ್ಕಕ್ಕೆ ಬಂದವನು ಮುಂದೆ ಹೋಗದೆ, ಕ್ಲೀನರ್ ಹುಡುಗ ಕಿಟಕಿಯಿಂದ ಕೈ ಹೊರಗೆ ಹಾಕಿ ನನ್ನ ಹಿಂದಿನ ಚಕ್ರ ತೋರಿಸಿದ. ನಿಲ್ಲಿಸಿ ನೋಡ್ತೇನೆ, ಎಡಗಡೆ ಕವರ್ ಬಲೂನಿನ ಹಾಗೆ ಉಬ್ಬಿ, ಹರಿದು, ಅದರ ಎಲಾಸ್ಟಿಕ್ ದಾರ ಆಕ್ಸಲ್ಲಿಗೆ ಎರಡು ಸುತ್ತು ಸುತ್ತಿಕೊಂಡಿದೆ. ಇನ್ನೆರಡು ತಿರುವು ಹೋಗಿದ್ರೆ ಚಕ್ರವೇ ಹಿಡಿದುಕೊಳ್ಳುತ್ತಿತ್ತೇನೋ. ಬಲಗಡೆ ಕವರ್ ಹಾರಿರಲಿಲ್ಲ. ಆದರೆ ಅದರ ತಳದಲ್ಲಿ ಒಂದು ತಂಬಿಗೆ ನೀರು ನಿಂತಿತ್ತು. ನೀರು ಇಳಿದು ಹೋಗೋಕೆ ಒಂದು ತೂತು ಕೂಡ ಇಟ್ಟಿಲ್ಲ ಪುಣ್ಯಾತ್ಮರು.

ಆಮೇಲೆ ಕೂತು ಯೋಚಿಸಿದಾಗ ಅರ್ಥವಾಯಿತು. ಬ್ಯಾಗಿನ ಪಟ್ಟಿಗಳು ಹೊರಗೆ ಬರಬೇಕಲ್ಲ, ಅದಕ್ಕೆ ಕವರಿನ ಒಳಮಗ್ಗುಲು ತೆರೆದೇ ಇರುತ್ತದೆ. ಚಕ್ರ ಎಸೆಯುವ ರಾಡಿ ನೀರು ಅಲ್ಲಿಂದಲೇ ಒಳಗೆ. ಗಾಳಿಯೂ ಅಲ್ಲಿಂದಲೇ. ಮೇಲಿನಿಂದ ಬೀಳುವ ಮಳೆ ಒಂದನ್ನೇ ನೆನಪಲ್ಲಿಟ್ಟುಕೊಂಡು ಹೊಲಿದಿದ್ದಾರೆ.

ನೆಂದ ಕೋಳಿಯ ಹಾಗೆ ವಾಪಸ್ ಯಲ್ಲಾಪುರಕ್ಕೆ ಬಂದು ಒಂದು ಪಂಕ್ಚರ್ ಅಂಗಡಿ ಮುಂದೆ ನಿಂತೆ. ಸೀಟಿನ ಮೇಲೆ ಟೆಂಟಿನ ಸುರುಳಿ, ಅದರ ಮೇಲೆ ಕೊಕ್ಕೆ ಇರುವ, ಎಳೆದರೆ ಹಿಗ್ಗುವ ಬಂಜಿ ಹಗ್ಗ. ಒಂದು ಕೊಕ್ಕೆ ಆಗಲೇ ಬಾಯಿ ತೆರೆದುಕೊಂಡಿತ್ತು. ಅಂಗಡಿಯ ಹಿರಿಯರು ಅದನ್ನು ಬೆರಳಲ್ಲಿ ಎತ್ತಿ ನೋಡಿದರು.

"ಇದು ಕಣ್ಣಿಗೆ ಹೊಡೀತದೆ ತಮ್ಮಾ. ತೆಗಿ."

"ಮತ್ತೆ ಯಾತರಲ್ಲಿ ಕಟ್ಟಲಿ ಕಾಕಾ?"

ಒಳಗಿನಿಂದ ಹಳೇ ಸ್ಕೂಟರ್ ಟ್ಯೂಬ್ ತಂದರು. ಕತ್ತರಿಯಲ್ಲಿ ಉದ್ದುದ್ದಕ್ಕೆ ಸೀಳಿ ಎರಡು ಬೆರಳಗಲದ ನಾಲ್ಕು ಪಟ್ಟಿ ಮಾಡಿದರು. ಒಳಮೈಗೆ ಇನ್ನೂ ಬಿಳಿ ಪೌಡರ್ ಅಂಟಿತ್ತು. ನಾಲ್ಕಕ್ಕೂ ಸೇರಿ 40 ರೂಪಾಯಿ.

ಅದನ್ನು ನೋಡುತ್ತಲೇ ಅಪ್ಪನ ಸೈಕಲ್ ಕಣ್ಣ ಮುಂದೆ ಬಂತು. ಕ್ಯಾರಿಯರಿಗೆ ಸದಾ ಒಂದು ಟ್ಯೂಬ್ ಪಟ್ಟಿ ಸುತ್ತಿರುತ್ತಿತ್ತು. ಊಟದ ಡಬ್ಬಿ, ಹಿಟ್ಟಿನ ಚೀಲ, ಒಮ್ಮೊಮ್ಮೆ ಗ್ಯಾಸ್ ಸಿಲಿಂಡರ್, ಎಲ್ಲಾ ಅದರಲ್ಲೇ. ಹಾಲಿನವರು ಕ್ಯಾನ್ ಕಟ್ಟೋದೂ ಅದರಲ್ಲೇ ಅಲ್ವಾ? ನಾನು ಮಾತ್ರ 450 ರೂಪಾಯಿ ಕೊಟ್ಟು ಬಣ್ಣದ ಬಂಜಿ ತಗೊಂಡಿದ್ದೆ.

ಕಟ್ಟುವ ರೀತಿ ಹೀಗೆ. ಪಟ್ಟಿಯ ಒಂದು ತುದಿಯನ್ನು ಹಿಂದಿನ ಹಿಡಿಕೆಗೆ ಸುತ್ತಿ, ಅದರ ಕುಣಿಕೆಯೊಳಗಿಂದಲೇ ಎಳೆಯಬೇಕು. ಸುರುಳಿಯ ಮೇಲೆ ಎಳೆದು ತಂದು ಆ ಕಡೆಯ ಹಿಡಿಕೆಗೆ ಎರಡು ಸುತ್ತು. ಕೊನೆಗೆ ಗಂಟು ಹಾಕಬಾರದು. ತುದಿಯನ್ನು ತನ್ನದೇ ಸುತ್ತಿನ ಕೆಳಗೆ ತೂರಿಸಬೇಕು, ಅಷ್ಟೇ. ರಬ್ಬರು ರಬ್ಬರನ್ನೇ ಕಚ್ಚಿ ಹಿಡಿಯುತ್ತದೆ. ಸಂಜೆ ಲಾಡ್ಜ್ ಮುಂದೆ ತುದಿ ಹಿಡಿದು ಎಳೆದರೆ ಸರ್ ಅಂತ ಬಿಚ್ಚಿಕೊಳ್ಳುತ್ತದೆ. ಆ ಶಬ್ದ ಕೇಳೋಕೆ ನನಗೆ ಈಗಲೂ ಖುಷಿ. ಉಳಿದ ತುದಿ ಮಾತ್ರ ಗಾಳಿಗೆ ತೂಗಾಡಬಾರದು. ಕವರಿನ ದಾರದ ಕಥೆ ನೆನಪಿದೆಯಲ್ಲ.

ಹೊರಟು 15 ಕಿಲೋಮೀಟರ್ ಆದಮೇಲೆ ಒಮ್ಮೆ ನಿಂತು ಅದುಮಿ ನೋಡ್ತೇನೆ. ಬಟ್ಟೆ ಬರೆ ಕೂತಷ್ಟೂ ಕಟ್ಟು ಸಡಿಲ ಆಗುತ್ತೆ. ಹುಬ್ಬಳ್ಳಿ ಬಿಟ್ಟು ಮೊದಲ ಚಹಾ ಹೆಚ್ಚುಕಡಿಮೆ ಅಲ್ಲಿಗೇ ಬರುತ್ತೆ, ಹಾಗಾಗಿ ಅದೇನು ಶಿಕ್ಷೆ ಅಲ್ಲ.

ಮಳೆಗೆ ಏನು ಮಾಡಿದೆ ಅಂದ್ರೆ, ಹೊರಗಿನ ಕವರ್ ಬಿಟ್ಟು ಒಳಗೆ ಪ್ಲಾಸ್ಟಿಕ್ ಹಾಕಿದೆ. ಹುಬ್ಬಳ್ಳಿಯ ದುರ್ಗದ ಬೈಲ್ ಪೇಟೆಯಲ್ಲಿ ದಪ್ಪ ಪ್ಲಾಸ್ಟಿಕ್ ಚೀಲ ತೂಕಕ್ಕೆ ಸಿಗುತ್ತದೆ. ಬಟ್ಟೆ ಅದರಲ್ಲಿ ತುಂಬಿ, ಮೊಣಕಾಲಲ್ಲಿ ಅದುಮಿ ಗಾಳಿ ತೆಗೆದು, ಬಾಯಿ ತಿರುಚಿ ಮಡಚಿ ರಬ್ಬರ್ ಬ್ಯಾಂಡ್. ಬ್ಯಾಗು ಎಷ್ಟಾದರೂ ನೆನೆಯಲಿ, ಬನಿಯನ್ ಒಣಗಿಯೇ ಇರುತ್ತದೆ. ಎರಡು ಮಳೆಗಾಲ ಹೀಗೇ ಕಳೆದೆ. ಒಂದು ಸಾಕ್ಸ್ ಕೂಡ ಒದ್ದೆಯಾಗಿಲ್ಲ.

ಇನ್ನು ಬಲಗಡೆಯ ತಾಪತ್ರಯ. ಎಡಗಡೆ ಸೀರೆ ಗಾರ್ಡ್ ಇದೆ, ಬ್ಯಾಗು ಅದರ ಮೇಲೆ ಆರಾಮಾಗಿ ಒರಗುತ್ತದೆ, ಚಕ್ರಕ್ಕೆ ತಾಗಲ್ಲ. ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡೋಕೆ ಜಾಗ, ಹಿಂದಿನ ಚಕ್ರದ ಅರ್ಧವನ್ನಾದರೂ ಮುಚ್ಚುವ ತಡೆ ಇರಲೇಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೇ ನಿಯಮ ಇದೆ. ಬ್ಯಾಗು ಹಾಕೋರನ್ನ ನೆನೆಸಿ ಮಾಡಿದ್ದಲ್ಲ, ಆದರೂ ನಮಗೆ ಲಾಭ. ಹುಡುಗರು ಅಂದ ಹಾಳಾಗುತ್ತೆ ಅಂತ ಅದನ್ನು ಬಿಚ್ಚಿ ಗುಜರಿಗೆ ಹಾಕ್ತಾರೆ. ಬಲಗಡೆ ಗಾರ್ಡ್ ಇಲ್ಲ, ಸೈಲೆನ್ಸರ್ ಇದೆ. ಬಾದಾಮಿಗೆ ಹೋಗಿ ಬಂದ ದಿನ ಬ್ಯಾಗಿನ ಕೆಳಮೂಲೆ ಕರಗಿ ಹಪ್ಪಳದ ಹಾಗೆ ಮುದುಡಿತ್ತು. ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಸರಳು ಬಗ್ಗಿಸಿ ಕೂರಿಸಿಕೊಂಡೆ, 350 ರೂಪಾಯಿ. ಆಮೇಲೆ ಸುಟ್ಟಿಲ್ಲ. 3,800 ತಗೊಂಡವರು ಆ ಮೂಲೆಗೆ ಒಂದು ಶಾಖ ತಡೆಯುವ ಬಟ್ಟೆ ಹೊಲಿದಿದ್ರೆ ಏನು ಕಳ್ಕೋತಿದ್ರೋ.

ಇಷ್ಟು ಬೈದ ಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕು. ಬ್ಯಾಗು ಮಾತ್ರ ಗಟ್ಟಿ. ಮೂರು ವರ್ಷದಲ್ಲಿ ಒಂದು ಹೊಲಿಗೆ ಬಿಟ್ಟಿಲ್ಲ. ಖಾಲಿ ಇದ್ದಾಗಲೂ ಜೋತುಬೀಳದೆ ಆಕಾರ ಹಿಡಿದು ನಿಲ್ಲುತ್ತದೆ. ಒಬ್ಬನೇ ಹೋಗುವವನಿಗೆ ಇದು ದೊಡ್ಡ ಉಪಕಾರ, ಯಾಕೆಂದ್ರೆ ತುಂಬುವಾಗ ಬಾಯಿ ಹಿಡಿದು ನಿಲ್ಲೋಕೆ ಇನ್ನೊಬ್ಬರು ಇರಲ್ಲ.

ಹಿಂದಿನ ರಾತ್ರಿ ಮಂಚದ ಮೇಲೆ ಎಲ್ಲಾ ಹರಡ್ತೇನೆ. ಟೂಲ್ಸ್, ಪಂಕ್ಚರ್ ಕಿಟ್, ಕ್ಲಚ್ ಕೇಬಲ್ ಎಡಗಡೆ ತಳಕ್ಕೆ, ಬೆನ್ನಿಗೆ ಹತ್ತಿರ. ಬಲಗಡೆ ತಳಕ್ಕೆ ನೀರಿನ ಬಾಟಲಿ, ಶೂ. ಕೊಕ್ಕೆ ತಕ್ಕಡಿಯಲ್ಲಿ ಎರಡನ್ನೂ ತೂಗ್ತೇನೆ. ಅರ್ಧ ಕೇಜಿ ಹೆಚ್ಚುಕಡಿಮೆ ಆದರೆ ಪರವಾಗಿಲ್ಲ. ಎರಡು ಕೇಜಿ ವ್ಯತ್ಯಾಸ ಆದರೆ ನಿಧಾನಕ್ಕೆ ತಿರುಗಿಸುವಾಗ ಗಾಡಿ ಎಳೆಯೋದು ಕೈಗೇ ಗೊತ್ತಾಗುತ್ತದೆ. ಅಮ್ಮ ಕೊಡುವ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಸ್ಟೀಲ್ ಡಬ್ಬಿಯಲ್ಲಿ, ಎಲ್ಲದಕ್ಕಿಂತ ಮೇಲೆ. ಒಮ್ಮೆ ಬಟ್ಟೆಯಲ್ಲಿ ಸುತ್ತಿ ಪಕ್ಕದ ಬ್ಯಾಗಿಗೆ ಹಾಕಿ ಗೋಕರ್ಣದಲ್ಲಿ ರೊಟ್ಟಿ ಪುಡಿ ತಿಂದಿದ್ದೇನೆ.

ಬೆಳಿಗ್ಗೆ ಡಬಲ್ ಸ್ಟ್ಯಾಂಡ್ ಹಾಕಿಯೇ ಕಟ್ಟೋದು. ಹಿಂದಿನ ಟೈರಿಗೆ ಇಬ್ಬರು ಕೂತಾಗಿನಷ್ಟು ಗಾಳಿ. ಹಿಂದೆ ಹೋಗಿ ನಿಂತು ಬ್ರೇಕ್ ಲೈಟು, ಇಂಡಿಕೇಟರ್, ನಂಬರ್ ಪ್ಲೇಟ್ ಕಾಣುತ್ತಾ ನೋಡ್ತೇನೆ. ದುಡ್ಡು, ಫೋನು, ಲೈಸೆನ್ಸ್ ಮೈಮೇಲಿನ ಸಣ್ಣ ಚೀಲದಲ್ಲೇ. ಚಹಾ ಅಂಗಡಿ ಆರಿಸೋದು ರುಚಿ ನೋಡಿ ಅಲ್ಲ, ಗಾಡಿ ಕಾಣುವ ಬೆಂಚ್ ಇದೆಯಾ ಅಂತ ನೋಡಿ.

ಹೊಸದಾಗಿ ತಗೊಳ್ಳಬೇಕಾ? 2,500ಕ್ಕೆ ಸಿಕ್ಕಿದರೆ ತಗೊಳ್ಳಿ. 3,800ಕ್ಕೆ ಬೇಡ. ಟ್ಯೂಬ್ ಪಟ್ಟಿ ಬಿಸಿಲಿಗೆ ಸಣ್ಣಗೆ ಬಿರುಕು ಬಿಡುತ್ತದೆ, ವರ್ಷಕ್ಕೊಮ್ಮೆ ಬದಲಿಸಿ. ನಾನು ಯಲ್ಲಾಪುರಕ್ಕೇ ಹೋಗ್ತೇನೆ. ಕಾಕಾ ಕಳೆದ ಸಲ ದುಡ್ಡು ತಗೊಳ್ಳಲಿಲ್ಲ, ಒಂದು ರೊಟ್ಟಿ ತಗೊಂಡರು.

ಬಲಗಡೆ ಜಿಪ್ ಈಚೆಗೆ ಸ್ವಲ್ಪ ಹಿಡೀತಿತ್ತು. ಮೊನ್ನೆ ಮೇಣದಬತ್ತಿ ಉಜ್ಜಿದೆ, ಈಗ ಸಲೀಸಾಗಿ ಓಡ್ತಿದೆ.