ಎಂಸಿಆರ್ ಚಪ್ಪಲಿ: ಅಂದವಿಲ್ಲ, ಆದರೂ ಎರಡು ಜೊತೆ ಕೊಳ್ಳಿ

ಜಯನಗರದ ಒಂದು ಸಣ್ಣ ಅಂಗಡಿಯಲ್ಲಿ ಅಳತೆ ಕೊಟ್ಟು ಮಾಡಿಸಿದ ಎಂಸಿಆರ್ ಚಪ್ಪಲಿಯನ್ನು ಕಳೆದ ಬೇಸಿಗೆಯಿಂದ ಮೆಟ್ಟುತ್ತಿದ್ದೇನೆ. ಎಂಸಿಆರ್ ಎಂದರೆ ಮೈಕ್ರೋಸೆಲ್ಯುಲರ್ ರಬ್ಬರ್, ಒಳಗೆಲ್ಲ ಸಣ್ಣ ಗಾಳಿಗುಳ್ಳೆಗಳಿರುವ ಮೆತ್ತನೆಯ ರಬ್ಬರ್. ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿಂತೇ ಆಯುಷ್ಯ ಸವೆಸಿದವನು ನಾನು. ಬಲಗಾಲ ಹೆಬ್ಬೆರಳಿನ ಬುಡದಲ್ಲಿ ಸಕ್ಕರೆ ಕಾಯಿಲೆಯ ಹುಣ್ಣು ಒಮ್ಮೆ ಮಾಗಿ, ಮತ್ತೆ ಎದ್ದು, ಮತ್ತೆ ಮಾಗಿದೆ. ಮಾಗಿದವರಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ವರ್ಷದೊಳಗೇ ಮರುಕಳಿಸುತ್ತದೆ ಎಂದು ವೈದ್ಯರು ಹೇಳಿದ ಮೇಲೆ ಬೆಲೆಯಲ್ಲಿ ಚೌಕಾಸಿ ಮಾಡುವ ಹುರುಪು ಉಳಿಯಲಿಲ್ಲ.

ಅಗಲ ಮೂತಿ, ಕಪ್ಪು ಪಟ್ಟಿ. ಮದುವೆಮನೆಯ ಬಾಗಿಲಲ್ಲಿ ಬಿಟ್ಟರೆ ಕಳವಾಗುವ ಭಯವಂತೂ ಇಲ್ಲ. ಆದರೆ ಕೆಲಸ ಬಲ್ಲವರು. ಪಾದ ಊದಿಕೊಂಡಿರುವ ಹೊತ್ತಿನಲ್ಲೇ ಅಳತೆ ತೆಗೆಯಬೇಕೆಂದು ಸಂಜೆ ಬರಹೇಳಿ, ಎರಡೂ ಕಾಲನ್ನು ಕಾಗದದ ಮೇಲೆ ಇರಿಸಿ ಗೆರೆ ಎಳೆದುಕೊಂಡರು. ಅಟ್ಟೆಗೆ ಒಂದೂ ಮೊಳೆ ಹೊಡೆದಿಲ್ಲ. ಅಂಟು ಮತ್ತು ಹೊಲಿಗೆ ಮಾತ್ರ. ಹಿಮ್ಮಡಿಗೆ ಪಟ್ಟಿ ಇದೆ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಸತ್ತ ಕಾಲಿನಿಂದ ಚಪ್ಪಲಿ ಜಾರಿಹೋದರೂ ಗೊತ್ತಾಗುವುದಿಲ್ಲ, ಹಾಗಾಗಿ ಪಟ್ಟಿಯಿಲ್ಲದ್ದನ್ನು ಕೊಳ್ಳಲೇಬೇಡಿ.

ದೂರುಗಳೂ ಇವೆ. ವೆಲ್ಕ್ರೊ ಧೂಳು ಹಿಡಿದು ಸಡಿಲವಾಗಿದೆ. ಹೆಬ್ಬೆರಳಿನ ಬುಡಕ್ಕೆ ಭಾರ ಹೆಚ್ಚು ಬೀಳುವುದರಿಂದ ಅಲ್ಲಿ ರಬ್ಬರ್ ಆಗಲೇ ಚಪ್ಪಟೆಯಾಗಿದೆ; ಚಪ್ಪಟೆಯಾದ ಮೇಲೆ ಇದಕ್ಕೂ ಫುಟ್‌ಪಾತಿನ ಚಪ್ಪಲಿಗೂ ವ್ಯತ್ಯಾಸವಿಲ್ಲ. ಒಳಪದರವನ್ನಷ್ಟೇ ಬದಲಿಸಿಕೊಡಿ ಎಂದರೆ, "ಹೊಸದೇ ಮಾಡಿಸಿಬಿಡಿ ಯಜಮಾನರೇ" ಎಂದರು.

ಎರಡನೆಯ ಜೊತೆ ಮನೆಯೊಳಕ್ಕೆ. ಬರಿಗಾಲು ಹೆಚ್ಚಾಗಿ ಎಡವುವುದು, ತುಳಿಯಬಾರದ್ದನ್ನು ತುಳಿಯುವುದು ಮನೆಯಲ್ಲೇ ತಾನೆ? ನಡುಮನೆಯಲ್ಲಿ ಚಪ್ಪಲಿಯೇ ಎಂದು ನನ್ನವಳು ಸಿಡಿದಳು. ಕೊನೆಗೆ ದೇವರಕೋಣೆಯ ಹೊಸ್ತಿಲವರೆಗೆ ಎಂದು ರಾಜಿಯಾಯಿತು. ಮೆಟ್ಟುವ ಮೊದಲು ಒಳಗೆ ಕೈಯಾಡಿಸುತ್ತೇನೆ. ಮೊನ್ನೆ ಮೊಮ್ಮಗಳ ತಲೆಯ ಕ್ಲಿಪ್ ಸಿಕ್ಕಿತು. ರಾತ್ರಿ ಕಾಲು ತೊಳೆದು, ಬೆರಳ ಸಂದುಗಳನ್ನು ಒರೆಸಿ, ಹಿಮ್ಮಡಿಗೆ ಮುಲಾಮು ಹಚ್ಚುತ್ತೇನೆ. ಸಂದುಗಳಿಗೆ ಹಚ್ಚುವುದಿಲ್ಲ, ಅಲ್ಲಿ ತೇವ ನಿಂತರೆ ಚರ್ಮ ಬಿಳಿಚಿ ಬಿರಿಯುತ್ತದೆ. ಆಮೇಲೆ ಅವಳು ಟಾರ್ಚ್ ಹಿಡಿದು ಅಂಗಾಲು ನೋಡುತ್ತಾಳೆ: ಆಣಿ ಕಟ್ಟಿದೆಯೇ, ಕೆಂಪಾಗಿದೆಯೇ, ಒಂದು ಕಾಲಿಗಿಂತ ಇನ್ನೊಂದು ಬಿಸಿಯಿದೆಯೇ. ಆಣಿ ಕಂಡರೆ ಬ್ಲೇಡು ಮುಟ್ಟದೆ ಆಸ್ಪತ್ರೆಗೇ ಹೋಗುತ್ತೇವೆ.

ದೊಡ್ಡ ಬಸವಣ್ಣನ ಗುಡಿಗೆ ಮಾತ್ರ ಚಪ್ಪಲಿ ನಡೆಯುವುದಿಲ್ಲ. ಕಲ್ಲು ಕಾಯುವ ಮೊದಲೇ, ದಪ್ಪ ಕಾಲುಚೀಲ ಹಾಕಿಕೊಂಡು ಹೋಗಿಬರುತ್ತೇನೆ.

ಹೊಸ ಜೊತೆಗೆ ಮುಂಗಡ ಕೊಟ್ಟಾಗಿದೆ. ಕಂದು ಬಣ್ಣ ಸಿಗುತ್ತದೆಯೇ ಎಂದು ಕೇಳಿದೆ, ಕಪ್ಪು ಮಾತ್ರವಂತೆ.