"ಯಾವ ಕ್ಲೌಡಲ್ಲಾದ್ರೂ ಓಡುತ್ತೆ" ಅಂತ ಇಮೇಜ್ ಕೊಟ್ಟರೆ, ಬಿಲ್ ಕೊಡುವ ಮುಂಚೆ ಇದನ್ನು ಓದಿ

ಆಫೀಸಿನ ಕೆವಿಎಂ (ಲಿನಕ್ಸ್ ಮೇಲೆ ವರ್ಚುವಲ್ ಯಂತ್ರ ಓಡಿಸುವ ವ್ಯವಸ್ಥೆ) ಸರ್ವರ್‌ಗಳನ್ನು ಕ್ಲೌಡಿಗೆ ಸಾಗಿಸುವ ಕೆಲಸವನ್ನು ಹೊರಗಿನವರಿಗೆ ಒಪ್ಪಿಸಬೇಕೆಂದಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಇಮೇಜ್ ಅಂದರೆ ಇಡೀ ಸರ್ವರ್ ಡಿಸ್ಕನ್ನು ಒಂದು ಫೈಲಾಗಿ ಮಾಡಿದ ಪ್ರತಿ. ನಮ್ಮ ಕೆಲಸ ಹಿಡಿದ ಕಂಪನಿಯವರು "ಇಮೇಜ್ ಪೋರ್ಟಬಲ್ ಮಾಡಿ ಕೊಡ್ತೀವಿ ಸರ್, ಅಜೂರ್ ಆಗಲಿ ಎಡಬ್ಲ್ಯೂಎಸ್ ಆಗಲಿ, ಹಾಕಿದ ಕೂಡಲೇ ಓಡುತ್ತೆ" ಅಂದಿದ್ದರು (ಅಜೂರ್ ಮೈಕ್ರೋಸಾಫ್ಟಿನ ಕ್ಲೌಡ್, ಎಡಬ್ಲ್ಯೂಎಸ್ ಅಮೆಜಾನಿನದು). ಮಾಡಿದ್ದು ಮಾತ್ರ ಕೆವಿಎಂ ಬಳಸುವ ಕ್ಯೂಕೌ2 ಡಿಸ್ಕ್ ಫೈಲನ್ನು ಅಜೂರ್ ಬಳಸುವ ವಿಎಚ್‌ಡಿ ರೂಪಕ್ಕೆ ಬದಲಾಯಿಸಿದ್ದು, ಅಷ್ಟೇ.

ಅಜೂರ್ ಕೇಳುವ ಹಾಗೆ ಫಿಕ್ಸೆಡ್ (ಗಾತ್ರ ಬದಲಾಗದ) ವಿಎಚ್‌ಡಿ, 1 ಎಂಐಬಿಯ (ಮೆಬಿಬೈಟ್) ಪೂರ್ಣ ಗುಣಕವಾದ ಗಾತ್ರ, ಎಲ್ಲ ಸರಿಯಿತ್ತು. ಅಪ್‌ಲೋಡ್ ಆಯಿತು, ಪೋರ್ಟಲ್ 'ರನ್ನಿಂಗ್' ಎಂದೂ ತೋರಿಸಿತು. ಆದರೆ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೆ ಉತ್ತರವೇ ಇಲ್ಲ. ಬೂಟ್ ಸಂದೇಶಗಳನ್ನು ತೋರಿಸುವ ಸೀರಿಯಲ್ ಕನ್ಸೋಲ್ ತೆರೆದರೆ 'ಡ್ರಾಕಟ್-ಇನಿಟ್‌ಕ್ಯೂ ಟೈಮ್‌ಔಟ್' ಎಂಬ ಸಾಲು ಒಂದರ ಕೆಳಗೊಂದು ಬರುತ್ತಲೇ ಇತ್ತು. ಕೊನೆಗೆ ರೂಟ್ ಡಿಸ್ಕಿನ (ಸಿಸ್ಟಂ ಇರುವ ಡಿಸ್ಕ್) ಗುರುತಾದ ಯುಯುಐಡಿ ಸಿಗಲಿಲ್ಲವೆಂದು ಯಂತ್ರ ಎಮರ್ಜೆನ್ಸಿ ಶೆಲ್‌ನಲ್ಲಿ ನಿಂತುಬಿಟ್ಟಿತು. ಕಂಪನಿಯವರನ್ನು ಕೇಳಿದರೆ "ಕ್ಲೌಡಿನವರ ತೊಂದರೆ, ಟಿಕೆಟ್ ಹಾಕಿ" ಎಂದರು. ಹೊತ್ತು ಹಾಳಾಗಿದ್ದು ಅಲ್ಲೇ.

ನಿಜವಾದ ಕಾರಣ ಇಮೇಜಿನೊಳಗೇ ಇತ್ತು. ನಮ್ಮದು ಐಎಸ್ಒದಿಂದ ಇನ್‌ಸ್ಟಾಲ್ ಮಾಡಿದ ಆಲ್ಮಾಲಿನಕ್ಸ್. ಅದೂ ಸೇರಿದ ರೆಡ್ ಹ್ಯಾಟ್ ಬಳಗದ ಲಿನಕ್ಸ್‌ಗಳಲ್ಲಿ ಡ್ರಾಕಟ್ ಎಂಬ ಸಾಧನ ಸಾಮಾನ್ಯವಾಗಿ 'ಹೋಸ್ಟ್‌ಓನ್ಲಿ' ರೀತಿಯಲ್ಲಿ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಿನಲ್ಲಿ ಡಿಸ್ಕನ್ನು ಹುಡುಕಿ ತೆರೆಯುವ ಚಿಕ್ಕ ವ್ಯವಸ್ಥೆ) ಕಟ್ಟುತ್ತದೆ, ಅಂದರೆ ಆಗ ಓಡುತ್ತಿರುವ ಯಂತ್ರಕ್ಕೆ ಬೇಕಾದ ಡ್ರೈವರ್‌ಗಳಷ್ಟೇ ಅದರೊಳಗೆ ಸೇರುತ್ತವೆ. ಕೆವಿಎಂನಲ್ಲಿ ಕಟ್ಟಿದ್ದರಿಂದ ಅಲ್ಲಿನ ಡ್ರೈವರ್ ವರ್ಟ್‌ಐಓ ಇತ್ತು. ಅಜೂರ್ ನಿಂತಿರುವುದು ಮೈಕ್ರೋಸಾಫ್ಟಿನ ವರ್ಚುವಲ್ ಯಂತ್ರ ವ್ಯವಸ್ಥೆಯಾದ ಹೈಪರ್-ವಿ ಮೇಲೆ. ಅಲ್ಲಿ ಡಿಸ್ಕ್ ಕಾಣಬೇಕಾದರೆ ಎಚ್‌ವಿ_ಸ್ಟೋರ್‌ವಿಎಸ್‌ಸಿ ಡ್ರೈವರ್ ಬೇಕು, ಅದು ಇರಲಿಲ್ಲ. ಎಡಬ್ಲ್ಯೂಎಸ್‌ನ ನೈಟ್ರೋ ಎಂಬ ಹೊಸ ತಲೆಮಾರಿನ ಯಂತ್ರಗಳಿಗೆ ಹೋಗಿದ್ದರೆ ಡಿಸ್ಕಿಗೆ ಎನ್‌ವಿಎಂಇ ಡ್ರೈವರ್ ಬೇಕಿತ್ತು, ನೆಟ್‌ವರ್ಕಿಗೆ ಇಎನ್‌ಎ. ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನ ರೆಸ್ಕ್ಯೂ ಆಯ್ಕೆ ಒತ್ತಿದಾಗ ಅದೇ ಯಂತ್ರ ಎದ್ದು ಕೂತಿತು, ಯಾಕೆಂದರೆ ರೆಸ್ಕ್ಯೂ ಇನಿಟ್‌ರಾಮ್‌ಎಫ್‌ಎಸ್ ಯಾವುದೇ ಒಂದು ಯಂತ್ರಕ್ಕೆಂದು ಕಟ್ಟಿದ್ದಲ್ಲ. ಅಲ್ಲಿಗೆ ಕ್ಲೌಡಿನವರ ತೊಂದರೆ ಎಂಬ ಮಾತೂ ಬಿದ್ದುಹೋಯಿತು. ಸಾಗಿಸುವ ಮುಂಚೆ ಹಳೆಯ ಯಂತ್ರದಲ್ಲೇ 'ಡ್ರಾಕಟ್-ಕಾನ್ಫಿಗ್-ಜೆನೆರಿಕ್' ಪ್ಯಾಕೇಜ್ ಹಾಕಿ ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಕಟ್ಟಿದ್ದರೆ ಸಾಕಿತ್ತು. ಇಂಥ ಕೆಲಸಕ್ಕೇ ದುಡ್ಡು ತೆಗೆದುಕೊಳ್ಳುವವರಿಗೆ ಇದು ಗೊತ್ತಿರಲೇಬೇಕು.

ಬೂಟ್ ಆಗದ್ದನ್ನಾದರೂ ಸಹಿಸಬಹುದು. ನನ್ನ ನಿದ್ದೆ ಕೆಡಿಸಿದ್ದು ಆಮೇಲೆ ಕಂಡದ್ದು. ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರರ 'ಆಥರೈಸ್ಡ್ ಕೀಸ್' ಫೈಲಿನಲ್ಲಿ (ಯಾರ ಕೀಗೆ ಬಾಗಿಲು ತೆರೆಯಬೇಕೆಂಬ ಪಟ್ಟಿ) ಆ ಕಂಪನಿಯ ಎಂಜಿನಿಯರೊಬ್ಬರ ಪಬ್ಲಿಕ್ ಕೀ ಹಾಗೇ ಕೂತಿತ್ತು. ಈ ಇಮೇಜಿನಿಂದ ಎಬ್ಬಿಸಿದ ಪ್ರತಿ ಸರ್ವರಿಗೂ ಅವರು ಒಳಬರಬಹುದು! ಸರ್ವರ್ ತನ್ನ ಗುರುತು ಸಾಬೀತುಪಡಿಸುವ ಎಸ್‌ಎಸ್‌ಎಚ್ ಹೋಸ್ಟ್ ಕೀಗಳೂ ಇಮೇಜಿನಲ್ಲೇ ಉಳಿದಿದ್ದರಿಂದ ಎಲ್ಲ ಸರ್ವರ್‌ಗಳಿಗೂ ಒಂದೇ ಗುರುತು. ಒಂದು ಯಂತ್ರದ ಕೀ ಕದ್ದವರು ಉಳಿದ ಯಾವುದರ ವೇಷವನ್ನಾದರೂ ಹಾಕಬಹುದು. ಮೆಷಿನ್-ಐಡಿ ಕೂಡ ಒಂದೇ ಆಗಿದ್ದು, ಯಾವ ಲಾಗ್ ಯಾವ ಯಂತ್ರದ್ದೆಂದು ಬೇರ್ಪಡಿಸುವುದೇ ಕಷ್ಟವಾಯಿತು.

ಹಾಗಾಗಿ ಬಿಲ್ ಪಾಸ್ ಮಾಡುವ ಮುಂಚೆ ನಿಮ್ಮೆದುರೇ, ಒಪ್ಪಂದದಲ್ಲಿರುವ ಪ್ರತಿ ಕ್ಲೌಡಿನಲ್ಲೂ, ಒಂದೇ ಇಮೇಜಿನಿಂದ ಎರಡು ಯಂತ್ರ ಎಬ್ಬಿಸಿ ತೋರಿಸಲು ಹೇಳಿ. ಎರಡರ ಹೋಸ್ಟ್ ಕೀ ಫಿಂಗರ್‌ಪ್ರಿಂಟ್ ಪಕ್ಕಪಕ್ಕ ಇಟ್ಟು ನೋಡಿ, ಬೇರೆಬೇರೆ ಇರಬೇಕು. ಅಲ್ಲಿಯವರೆಗೆ ಹಳೆಯ ಸರ್ವರ್ ಆಫ್ ಮಾಡಬೇಡಿ. ನನ್ನನ್ನು ಕೇಳಿದರೆ, ಡಿಸ್ಕನ್ನೇ ಹೊತ್ತು ತಿರುಗುವುದಕ್ಕಿಂತ ಪ್ಯಾಕರ್‌ನಂಥ ಸಾಧನದಿಂದ ಆಯಾ ಕ್ಲೌಡಿಗೆ ಹೊಸದಾಗಿ ಇಮೇಜ್ ಕಟ್ಟಿಸುವುದೇ ಮೇಲು.

ಈಗಾಗಲೇ ಯಾರಿಂದಲಾದರೂ ಇಮೇಜ್ ಪಡೆದು ಬಳಸುತ್ತಿದ್ದರೆ ಆ ಆಥರೈಸ್ಡ್ ಕೀಸ್ ಫೈಲನ್ನು ಇವತ್ತೇ ತೆರೆದು ನೋಡಿ, ರೂಟ್‌ದು ಮಾತ್ರವಲ್ಲ, ಪ್ರತಿ ಬಳಕೆದಾರರದ್ದೂ.