ಟೆನಿಸ್ ರಾಕೆಟ್ ಕೊಳ್ಳುವ ಮುಂಚೆ ನನ್ನ ಮೊಣಕೈ ಕಥೆ ಕೇಳಿ

ಬಲಗೈಯಲ್ಲಿ ಕಾಫಿ ಲೋಟ ಎತ್ತಿದರೆ ಮೊಣಕೈಯ ಹೊರಬದಿಯಲ್ಲಿ ಚಳಕು ಹೊಡೆಯುತ್ತದೆ. ಬಾಗಿಲ ಚಿಲಕ ತಿರುಗಿಸಿದರೂ ಅಷ್ಟೇ. ಈ ಸಲ ತೋಟದಲ್ಲಿ ಗಿಡದ ಚಿಗುರು ತೆಗೆಯಲು ಕತ್ತರಿ ಹಿಡಿಯಲಾಗಲಿಲ್ಲ. ವೈದ್ಯರು ಮೂಳೆಯ ಪಕ್ಕ ಬೆರಳಿಂದ ಒತ್ತಿದ ಕೂಡಲೇ ಹೇಳಿದರು: ಟೆನಿಸ್ ಎಲ್ಬೋ.

ನನಗೆ ನಲವತ್ತಾರು. ಮಡಿಕೇರಿಯಲ್ಲಿ ವಾರಕ್ಕೆ ಮೂರು ದಿನ ಬೆಳಿಗ್ಗೆ ಡಬಲ್ಸ್ ಆಡುತ್ತೇನೆ. ನಮ್ಮ ರೋಹನ್ ಬೋಪಣ್ಣ 2024ರಲ್ಲಿ, 43ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದ ದಿನದಿಂದ ಒಳ್ಳೆಯ ರಾಕೆಟ್ ಹಿಡಿಯುವ ಆಸೆ ನನಗೂ ಹತ್ತಿತ್ತು. ಬೆಂಗಳೂರಿನ ಅಂಗಡಿಯವರು ನಾನು ಹೇಗೆ ಆಡುತ್ತೇನೆಂದು ಕೇಳಲೇ ಇಲ್ಲ. "ಸರ್, ಪ್ರೊ ರಾಕೆಟ್ ಇದು, ಕಣ್ಮುಚ್ಚಿ ತಗೊಳ್ಳಿ" ಅಂದರು. ತಂತಿ ಇಲ್ಲದೆಯೇ 315 ಗ್ರಾಂ ತೂಕ, ತಂತಿ ಹೆಣೆಯುವ ತಲೆ 97 ಚದರ ಇಂಚು, ಅದಕ್ಕೆ 58 ಪೌಂಡ್ ಬಲದಲ್ಲಿ ಎಳೆದು ಬಿಗಿದ ಪಾಲಿಯೆಸ್ಟರ್ ತಂತಿ.

ನನ್ನದು ಗಿಡ್ಡ ಬೀಸು. ನೆಟ್ ಹತ್ತಿರ ನಿಂತು ವಾಲಿ ಮಾಡುವುದು (ಚೆಂಡು ನೆಲಕ್ಕೆ ಬೀಳುವ ಮುಂಚೆಯೇ ಹೊಡೆಯುವುದು), ಸ್ಲೈಸ್ ಕೊಡುವುದು (ಚೆಂಡಿನ ಅಡಿ ಕೆತ್ತಿದಂತೆ ಹೊಡೆಯುವುದು). ಪಾಲಿಯೆಸ್ಟರ್ ಗಡಸು ತಂತಿ, ಪೂರ್ತಿ ಕೈ ಬೀಸಿ, ಚೆಂಡು ಮುಂದಕ್ಕೆ ಗಿರಗಿರ ತಿರುಗುವಂತೆ ಟಾಪ್‌ಸ್ಪಿನ್ ಹೊಡೆಯುವವರಿಗೆ ಹೇಳಿ ಮಾಡಿಸಿದ್ದು. ನನ್ನ ನಿಧಾನದ ಹೊಡೆತಕ್ಕೆ ಅದು ಬಗ್ಗುವುದೇ ಇಲ್ಲ, ಏಟೆಲ್ಲ ನೇರ ಕೈಗೆ. ಚಿಕ್ಕ ತಲೆಯಾದ್ದರಿಂದ ಚೆಂಡು ನಡುವಿಗೆ ತಾಗದಿದ್ದರೆ ರಾಕೆಟ್ ಮುಷ್ಟಿಯೊಳಗೇ ತಿರುಗುತ್ತಿತ್ತು. ಅದನ್ನು ತಡೆಯಲು ನಾನು ಇನ್ನೂ ಗಟ್ಟಿ ಹಿಡಿಯುತ್ತಿದ್ದೆ. ನೋವು ಶುರುವಾದದ್ದೇ ಅಲ್ಲಿಂದ. ಸಾಲದ್ದಕ್ಕೆ ಮಳೆಗಾಲದ ಮೂರು ತಿಂಗಳು ಮೂಲೆಯಲ್ಲಿಟ್ಟು, ಬಿಸಿಲು ಬಂದ ಮೇಲೆ ಅದೇ ಸತ್ತ ತಂತಿಯಲ್ಲಿ ಆಡಿದೆ. ಪಾಲಿಯೆಸ್ಟರ್ ಆಡದೆ ಇಟ್ಟರೂ ಬಿಗಿ ಕಳೆದುಕೊಂಡು ಹೀಗೆ ಸತ್ತಂತಾಗುತ್ತದೆ ಎಂಬುದು ಆಗ ಗೊತ್ತಿರಲಿಲ್ಲ.

ದಯವಿಟ್ಟು ಯಾರದಾದರೂ ರಾಕೆಟ್ ಕೇಳಿ ಪಡೆದು ನಾಲ್ಕು ದಿನ ಆಡದೆ ದುಡ್ಡು ಕೊಡಬೇಡಿ. ಹಿಡಿಯ ದಪ್ಪವನ್ನೂ ನೋಡಿ: ರಾಕೆಟ್ ಹಿಡಿದಾಗ ಬೆರಳ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಸರಿಯಾಗಿ ಕೂರಬೇಕು. ನನ್ನಂತೆ ಗಿಡ್ಡ ಬೀಸಿನವರು 280 ಗ್ರಾಂ ಆಸುಪಾಸಿನ ತೂಕ, 100 ಚದರ ಇಂಚಿನ ತಲೆ, ಸಣ್ಣ ಸಣ್ಣ ಎಳೆ ಸೇರಿಸಿ ಮಾಡಿದ ಮಲ್ಟಿಫಿಲಮೆಂಟ್‌ನಂಥ ಮೆತ್ತನೆ ತಂತಿಯಿಂದ ಶುರುಮಾಡಿ. ಬಿಗಿ 50 ಪೌಂಡ್ ಸಾಕು. ಕೈ ನೋಯುತ್ತಿದ್ದರೆ ರಾಕೆಟ್ ಬದಲಿಸುವ ಮುಂಚೆ ತಂತಿ ಬದಲಿಸಿ, ಖರ್ಚೂ ಕಡಿಮೆ.

ನನ್ನ ಆ ಹಳೆಯ ರಾಕೆಟ್ಟನ್ನು ಗೋಣಿಕೊಪ್ಪದ ಹುಡುಗನೊಬ್ಬ ಕೇಳಿದ್ದಾನೆ. ಬೇಸ್‌ಲೈನಿಂದ, ಅಂದರೆ ಕೋರ್ಟಿನ ಹಿಂದಿನ ಗೆರೆಯಿಂದ, ಜೋರಾಗಿ ಬೀಸುವವನು, ಅವನಿಗೆ ಒಗ್ಗಬಹುದು. "ಮೊದಲು ಒಂದು ವಾರ ಆಡಿ ನೋಡು ಮಾರಾಯ, ದುಡ್ಡಿನ ಮಾತು ಆಮೇಲೆ" ಅಂದಿದ್ದೇನೆ.